ಪ್ರಶ್ನೆ ಕೇಳಿ, ಮೂರು ಸೆಕೆಂಡ್ ಸುಮ್ಮನಿರಿ

ಹೋದ ವರ್ಷ ಜುಲೈನಲ್ಲಿ ಐದನೇ ಕ್ಲಾಸಿನ ಒಂದು ನೋಟ್‌ಬುಕ್ ನನ್ನ ಕೈಗೆ ಬಂತು. 402ರಲ್ಲಿ 178 ಕಳೆಯುವ ಲೆಕ್ಕ. ಹುಡುಗಿ ಬರೆದಿದ್ದ ಉತ್ತರ 376. ಅಕ್ಷರ ಮುದ್ದಾಗಿತ್ತು, ಸ್ಕೇಲ್ ಇಟ್ಟು ಗೆರೆ ಎಳೆದಿದ್ದಳು. ಅದರ ಮೇಲೆ ಕೆಂಪು ಇಂಕಿನಲ್ಲಿ ತಪ್ಪು ಗುರುತು. ಕೆಳಗಿನ ಮೂರು ಲೆಕ್ಕಗಳಿಗೂ ಅದೇ ಗುರುತು.

ಅವಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. "ಇದನ್ನ ಹೇಗೆ ಮಾಡಿದೆ, ಹೇಳು ಪುಟ್ಟಿ" ಅಂದೆ. ತಲೆ ತಗ್ಗಿಸಿ ಕೂತಳು. 'ಪಕ್ಕದ ಮನೆಯಿಂದ ದಶಕ ತರಬೇಕಿತ್ತು, ನೋಡು' ಅನ್ನೋ ಮಾತು ನನ್ನ ಬಾಯಿ ತುದಿಯಲ್ಲೇ ಇತ್ತು. ತಡೆದುಕೊಂಡೆ. ಬಿಸಿಯೂಟದ ಕೋಣೆಯಲ್ಲಿ ಕುಕ್ಕರ್ ಎರಡು ಸಲ ಕೂಗಿತು. ಆಮೇಲೆ ಅವಳು ಬೆರಳಿಟ್ಟು ತೋರಿಸಿದಳು. "ಎಂಟರಲ್ಲಿ ಎರಡು ಹೋದ್ರೆ ಆರು. ಏಳರಲ್ಲಿ ಸೊನ್ನೆ ಹೋದ್ರೆ ಏಳು. ನಾಲ್ಕರಲ್ಲಿ ಒಂದು ಹೋದ್ರೆ ಮೂರು."

ಯಾಕೆ ಹಾಗೆ ಅಂತ ಕೇಳಿದೆ.

"ದೊಡ್ಡದರಲ್ಲಿ ಚಿಕ್ಕದನ್ನ ಕಳೀಬೇಕು ಅಂತ ನೀವೇ ಹೇಳಿಕೊಟ್ಟಿದ್ರಲ್ಲ ಮಿಸ್."

ಹೌದು, ನಾನೇ. ಎರಡನೇ ಕ್ಲಾಸಿನಲ್ಲಿ ಅವಳು ನನ್ನ ನಲಿ-ಕಲಿ ಕೋಣೆಯಲ್ಲಿದ್ದಳು, ಚಿಕ್ಕ ಕ್ಲಾಸಿನ ಮಕ್ಕಳು ಕಾರ್ಡು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಕೋಣೆ ಅದು. 7ರಲ್ಲಿ 3 ಕಳೆಯುವಾಗ ಆ ಮಾತು ಸರಿಯಾಗೇ ಇತ್ತು. ಮಗು ಅದನ್ನು ಮೂರು ವರ್ಷ ನಂಬಿಕೆಯಿಂದ ಕಾಪಾಡಿಕೊಂಡು ಬಂದಿತ್ತು. ನಾವು ಮಾತ್ರ ಮೂರು ವರ್ಷ ಕೆಂಪು ಇಂಕು ಹಾಕುತ್ತಾ ಬಂದಿದ್ದೆವು. ಹೇಗೆ ಮಾಡಿದೆ ಅಂತ ಒಬ್ಬರೂ ಕೇಳಿರಲಿಲ್ಲ. ಕೇಳಿದ್ದರೂ ಉತ್ತರ ಬರುವ ತನಕ ಕಾದಿರಲಿಲ್ಲ.

ನಮ್ಮದು ಅರಸೀಕೆರೆ ಸೀಮೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ತೆಂಗಿನ ತೋಟಗಳ ಊರು, ಹಂಚಿಕಡ್ಡಿಗೆ ಬರವಿಲ್ಲ. ಮಾರನೇ ದಿನ ಮಕ್ಕಳೇ ಕಡ್ಡಿ ಮುರಿದು ತಂದರು. ಹತ್ತರ ಕಟ್ಟು, ಹತ್ತು ಹತ್ತರ ಕಟ್ಟು ಸೇರಿಸಿ ನೂರರ ಕಟ್ಟು, ಎಲ್ಲಕ್ಕೂ ರಬ್ಬರ್ ಬ್ಯಾಂಡ್. 402 ಅಂದರೆ ನೂರರ ನಾಲ್ಕು ಕಟ್ಟು, ಬಿಡಿ ಎರಡು. "ಇದರಿಂದ ನನಗೆ 178 ಕಡ್ಡಿ ಕೊಡು" ಅಂದೆ. ಬಿಡಿ ಎಂಟು ಕೊಡಬೇಕು, ಇರೋದು ಎರಡೇ. ಹತ್ತರ ಕಟ್ಟು ಇಲ್ಲವೇ ಇಲ್ಲ. ಬಹಳ ಹೊತ್ತು ಕಟ್ಟುಗಳನ್ನೇ ನೋಡಿದಳು. ಆಮೇಲೆ ನೂರರ ಒಂದು ಕಟ್ಟಿನ ರಬ್ಬರ್ ಬ್ಯಾಂಡ್ ಬಿಚ್ಚಿದಳು. ಹತ್ತು ಚಿಕ್ಕ ಕಟ್ಟು ಉರುಳಿದವು. ಅದರಲ್ಲಿ ಒಂದನ್ನು ಮತ್ತೆ ಬಿಚ್ಚಿದಳು. ಈಗ ನೂರು ಮೂರು, ಹತ್ತು ಒಂಬತ್ತು, ಬಿಡಿ ಹನ್ನೆರಡು. ಎಣಿಸಿ ಕೊಟ್ಟಳು. ಉಳಿದದ್ದು 224. ಸೊನ್ನೆಯ ಜಾಗದಲ್ಲಿ ಒಂಬತ್ತು ಎಲ್ಲಿಂದ ಬಂತು ಅನ್ನೋದನ್ನು ನಾನು ಹೇಳಬೇಕಾಗಲಿಲ್ಲ. ಅವಳ ಕೈಯಲ್ಲೇ ಬಂದಿತ್ತು.

ಕಾಯುವುದರ ಬಗ್ಗೆ ದೊಡ್ಡ ಕೆಲಸ ಮಾಡಿದವರು ಮೇರಿ ಬಡ್ ರೋ ಅನ್ನುವ ಅಮೆರಿಕದ ಶಿಕ್ಷಣ ತಜ್ಞೆ. 1970ರ ದಶಕದಲ್ಲಿ ವಿಜ್ಞಾನದ ತರಗತಿಗಳ ಧ್ವನಿಮುದ್ರಣ ಕೇಳಿ ಅವರು ಕಂಡುಕೊಂಡದ್ದು ಇಷ್ಟು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಕಾಯುವುದು ಒಂದು ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, 'ಗೊತ್ತಿಲ್ಲ' ಕಡಿಮೆಯಾಗುತ್ತದೆ, ಹಿಂದುಳಿದವರು ಅಂತ ನಾವು ಬಿಟ್ಟಿರುವ ಮಕ್ಕಳೂ ಬಾಯಿ ಬಿಡುತ್ತಾರೆ. ಮಗು ಉತ್ತರ ಕೊಟ್ಟ ಮೇಲೂ ತಕ್ಷಣ 'ಸರಿ', 'ತಪ್ಪು' ಅನ್ನದೆ ಇನ್ನೊಮ್ಮೆ ಕಾಯಬೇಕು. ನನಗೆ ಜಾಸ್ತಿ ಕಷ್ಟವಾಗಿದ್ದು ಈ ಎರಡನೇ ಕಾಯುವಿಕೆ.

ನಮ್ಮ ಗಣಿತದ ಸರ್ ಕೇಳಿದರು, "ಹೀಗೆ ಕಾಯ್ತಾ ಕೂತ್ರೆ ಪೋರ್ಷನ್ ಯಾವಾಗ ಮುಗಿಯುತ್ತೆ ಮೇಡಂ?" ನ್ಯಾಯವಾದ ಪ್ರಶ್ನೆ. ಇಬ್ಬರೂ ಕೂತು ಲೆಕ್ಕ ಹಾಕಿದೆವು. 40 ನಿಮಿಷದ ಪೀರಿಯಡ್‌ನಲ್ಲಿ 20 ಪ್ರಶ್ನೆ ಕೇಳಿದರೂ, ಒಂದೊಂದಕ್ಕೆ ಮೂರು ಸೆಕೆಂಡ್ ಅಂದರೆ ಒಟ್ಟು ಒಂದು ನಿಮಿಷ. ಹಾಜರಿ ಕೂಗುವುದಕ್ಕೇ ಅದಕ್ಕಿಂತ ಜಾಸ್ತಿ ಹೋಗುತ್ತದೆ, ಅಲ್ವಾ?

ಜೊತೆಗೆ ಇನ್ನೊಂದು ಅಭ್ಯಾಸ ಬಿಟ್ಟೆವು. 'ಗೊತ್ತಿದ್ದೋರು ಕೈಯೆತ್ತಿ' ಅನ್ನುವುದು. ಹಾಗಂದ ಕೂಡಲೇ ಗೊತ್ತಿಲ್ಲದವರು ಯೋಚನೆ ನಿಲ್ಲಿಸುತ್ತಾರೆ. ಈಗ ಎಲ್ಲರೂ ಸ್ಲೇಟಿನಲ್ಲಿ ಬರೆದು ಒಟ್ಟಿಗೆ ಎತ್ತಿ ಹಿಡಿಯುತ್ತಾರೆ. ಯಾರಿಗೆ ಎಲ್ಲಿ ತೊಡಕಾಗಿದೆ ಅನ್ನೋದು ಒಂದೇ ನೋಟಕ್ಕೆ ಕಾಣುತ್ತದೆ.

ಇದೆಲ್ಲ ನಲಿ-ಕಲಿಯಲ್ಲಿ ಪಾಠ ಮಾಡಿದವರಿಗೆ ಹೊಸದಲ್ಲ. 1995ರಲ್ಲಿ ಎಚ್.ಡಿ. ಕೋಟೆಯ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು ಶುರು ಮಾಡಿದ ಪದ್ಧತಿ ಅದು. ಮಕ್ಕಳ ಎತ್ತರಕ್ಕೆ ಗೋಡೆಯ ಕಪ್ಪುಹಲಗೆ, ಕಾರ್ಡುಗಳು, ಕಲಿಕಾ ಏಣಿ, ತಲೆ ಮೇಲಿನ ಚಪ್ಪರದಲ್ಲಿ ಮಕ್ಕಳ ಚಿತ್ರ. ಒಂದೊಂದು ಮಗು ಒಂದೊಂದು ಮೆಟ್ಟಿಲಲ್ಲಿ ಇರುತ್ತದೆ, ಶಿಕ್ಷಕಿ ಅದರ ಪಕ್ಕ ನೆಲದ ಮೇಲೆ ಕೂರುತ್ತಾಳೆ. ಅದೇ ಮಗು ನಾಲ್ಕನೇ ಕ್ಲಾಸಿಗೆ ಬಂದ ದಿನವೇ ಎಲ್ಲರಿಗೂ ಒಂದೇ ಪುಟ, ಒಂದೇ ವೇಗ. ಜೂನ್‌ನಲ್ಲಿ ಹಿಂದಿನ ವರ್ಷದ ಪಾಠವನ್ನು ಮತ್ತೆ ಗಟ್ಟಿ ಮಾಡಿಸುವ ಸೇತುಬಂಧ ಮಾಡುತ್ತೇವೆ, ನಿಜ. ಆದರೆ ಅದು ಮುಗಿದ ಮೇಲೆ ಕಲಿಯದೇ ಉಳಿದ ಮಗುವಿಗೆ ಏನು? ಅದಕ್ಕೇ ನಾಲ್ಕು ಮತ್ತು ಐದನೇ ಕ್ಲಾಸಿಗೂ ಪೀರಿಯಡ್‌ನ ಕೊನೆಯ ಹದಿನೈದು ನಿಮಿಷ ಗುಂಪು ಮಾಡಿ ಕೂರಿಸುತ್ತೇವೆ.

ಇನ್ನು ಹೆಡ್‌ಮೇಡಂ ಕೆಲಸದ ಮಾತು. ಹಿಂದಿನ ಹೆಡ್‌ಮೇಷ್ಟ್ರು ನಿವೃತ್ತರಾದಾಗ ಸೀನಿಯರ್ ಅಂತ ಚಾರ್ಜ್ ನನಗೆ ಬಂತು. ಮೊಟ್ಟೆ ಲೆಕ್ಕ, ಹಾಲಿನ ಪುಡಿ ಲೆಕ್ಕ, ಆನ್‌ಲೈನ್ ಎಂಟ್ರಿ, ಎಸ್‌ಡಿಎಂಸಿ (ಪಾಲಕರಿರುವ ಶಾಲಾಭಿವೃದ್ಧಿ ಸಮಿತಿ) ಸಭೆ. ಮೊದಲ ವರ್ಷ ನಾನು ಒಂದು ಕ್ಲಾಸಿನಲ್ಲೂ ನೆಮ್ಮದಿಯಾಗಿ ಕೂತಿರಲಿಲ್ಲ. ಈಗ ಮಂಗಳವಾರ, ಶುಕ್ರವಾರ ಬೆಳಿಗ್ಗೆ ಎರಡನೇ ಪೀರಿಯಡ್‌ನಲ್ಲಿ ಇಪ್ಪತ್ತು ನಿಮಿಷ ಯಾವುದಾದರೂ ಕ್ಲಾಸಿನ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಆಗ ಫೋನ್ ಆಫೀಸಿನಲ್ಲೇ ಇರುತ್ತದೆ.

ಕ್ಲಾಸು ನೋಡಿ ಟಿಪ್ಪಣಿ ಬರೆಯುವ ಸಂದರ್ಶನ ಪುಸ್ತಕ ಹಿಡಿದು ಹೋದರೆ ಶಿಕ್ಷಕರಿಗೆ ಎದೆ ಡವಗುಟ್ಟುತ್ತದೆ. ನನಗೂ ಹಾಗೇ ಆಗುತ್ತಿತ್ತು. ಅದಕ್ಕೆ ನಾನು ಒಯ್ಯುವುದು ಒಂದು ಬಿಳಿ ಹಾಳೆ ಮಾತ್ರ. ಮಕ್ಕಳು ಕೂತಂತೆ ಚೌಕ ಬರೆದುಕೊಳ್ಳುತ್ತೇನೆ. ಯಾವ ಮಗುವನ್ನು ಮಾತಾಡಿಸಿದರೋ ಆ ಚೌಕದಲ್ಲಿ ಒಂದು ಚುಕ್ಕೆ. ಬೇರೆ ಏನೂ ಬರೆಯುವುದಿಲ್ಲ. ಮೊದಲ ಹಾಳೆ ನನ್ನದೇ ಕ್ಲಾಸಿನದ್ದು. ಜೊತೆಯ ಮೇಡಂ ಒಬ್ಬರನ್ನು ಹಿಂದೆ ಕೂರಿಸಿ ಚುಕ್ಕೆ ಹಾಕಿಸಿದೆ. ಆರನೇ ಕ್ಲಾಸು, 23 ಮಕ್ಕಳು. ಚುಕ್ಕೆ ಬಿದ್ದಿದ್ದು ಏಳು ಚೌಕಗಳಲ್ಲಿ, ಹೆಚ್ಚಿನವು ಮುಂದಿನ ಎರಡು ಸಾಲಿನಲ್ಲಿ. ಕಿಟಕಿ ಪಕ್ಕದ ಹೆಣ್ಣುಮಕ್ಕಳ ಸಾಲು ಪೂರ್ತಿ ಖಾಲಿ. ಅವರು ಗಲಾಟೆ ಮಾಡುತ್ತಿರಲಿಲ್ಲ, ಹಾಗಾಗಿ ಅವರು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಆ ಹಾಳೆ ನೋಡಿ ಬಹಳ ಸಂಕಟವಾಯಿತು. ಅದನ್ನೇ ಸ್ಟಾಫ್ ರೂಮಿನ ಗೋಡೆಗೆ ಅಂಟಿಸಿದೆ. ಆಮೇಲೆ ಉಳಿದವರೂ ನಮ್ಮ ಕ್ಲಾಸಿಗೆ ಬನ್ನಿ ಅಂತ ಕರೆದರು.

ಕ್ಲಾಸು ಮುಗಿದ ಮೇಲೆ ಹಾಳೆ ಅವರ ಕೈಗೇ ಕೊಟ್ಟು, "ಏನು ಕಾಣ್ತಿದೆ ಮೇಡಂ?" ಅಂತ ಕೇಳುತ್ತೇನೆ. ಆಮೇಲೆ ಸುಮ್ಮನಿರುತ್ತೇನೆ. ಮಕ್ಕಳಿಗೆ ಬೇಕಾದ ಆ ಮೂರು ಸೆಕೆಂಡ್ ಶಿಕ್ಷಕರಿಗೂ ಬೇಕು. ಕನ್ನಡದ ಮೇಡಂ ಹಾಳೆ ನೋಡಿ ತಾವೇ ಒಂದು ದಾರಿ ಹುಡುಕಿದರು. ಕುಲ್ಫಿ ಕಡ್ಡಿಗಳ ಮೇಲೆ ಮಕ್ಕಳ ಹೆಸರು ಬರೆದು ಹಾರ್ಲಿಕ್ಸ್ ಡಬ್ಬಿಗೆ ಹಾಕಿದರು. ಪ್ರಶ್ನೆ ಮೊದಲು, ಆಮೇಲೆ ಕಾಯುವುದು, ಆಮೇಲೆ ಕಡ್ಡಿ ಎತ್ತುವುದು. ಹೆಸರು ಮೊದಲೇ ಕೂಗಿಬಿಟ್ಟರೆ ಉಳಿದವರು ಯೋಚಿಸುವುದೇ ಇಲ್ಲ.

ಶನಿವಾರ ಬೆಳಗಿನ ಶಾಲೆ. ಮಕ್ಕಳು ಹೋದ ಮೇಲೆ ಮುಕ್ಕಾಲು ಗಂಟೆ ನಾವೆಲ್ಲ ಕೂರುತ್ತೇವೆ. ಮೊದಲು ಆ ಹೊತ್ತೆಲ್ಲ ಸುತ್ತೋಲೆ ಓದುವುದರಲ್ಲೇ ಹೋಗುತ್ತಿತ್ತು. ಈಗ ಸುತ್ತೋಲೆ ವಾಟ್ಸಾಪ್ ಗ್ರೂಪಿನಲ್ಲಿ. ಸಭೆಗೆ ಒಬ್ಬೊಬ್ಬರು ಒಂದು ಮಗುವಿನ ನೋಟ್‌ಬುಕ್ ತರಬೇಕು, ತಪ್ಪಿರುವ ಪುಟ ತೆರೆದು ಇಡಬೇಕು. ಮಗು ಏನು ಯೋಚಿಸಿ ಹೀಗೆ ಬರೆದಿರಬಹುದು ಅಂತ ಎಲ್ಲರೂ ಸೇರಿ ಊಹಿಸುತ್ತೇವೆ. ದಯವಿಟ್ಟು ಮುಖ್ಯ ಶಿಕ್ಷಕರೆಲ್ಲ ಇದೊಂದನ್ನು ಮಾಡಿ ನೋಡಿ. ಒಂದು ರೂಪಾಯಿ ಖರ್ಚಿಲ್ಲ.

ಪಾಲಕರ ಸಭೆಯನ್ನೂ ಬೆಳಿಗ್ಗೆ ಹನ್ನೊಂದರಿಂದ ಸಂಜೆಗೆ ಬದಲಾಯಿಸಿದೆವು. ಕೂಲಿಗೆ ಹೋಗುವವರು ಬರಬೇಕಲ್ಲ. ಒಬ್ಬ ಅಜ್ಜಿ, "ನಂಗೆ ಓದಕ್ಕೆ ಬರಲ್ಲ ಕಣವ್ವ, ನಾನೇನ್ ನೋಡ್ಲಿ?" ಅಂದರು. "ಇವತ್ತು ಸ್ಕೂಲಲ್ಲಿ ಏನು ಮಾಡಿದೆ ಅಂತ ಕೇಳಿ ಅಜ್ಜಿ, ಅವನು ಹೇಳಿ ಮುಗಿಸೋ ತನಕ ಕೇಳಿಸ್ಕೊಳ್ಳಿ" ಅಂದೆ.

ಈ ಶನಿವಾರ ನಾಲ್ಕನೇ ಕ್ಲಾಸಿನ ನೋಟ್‌ಬುಕ್ ಒಂದು ಬಂದಿತ್ತು. 604ರಲ್ಲಿ 237 ಕಳೆದು 433 ಬರೆದಿದ್ದ ಒಬ್ಬ ಹುಡುಗ. ನಲಿ-ಕಲಿ ಮೇಡಂ ಪುಟ ನೋಡಿ, "ಇದು ಅದೇ ಮಾತು ಅಲ್ವಾ ಮೇಡಂ? ನಾನೂ ಹಾಗೇ ಹೇಳಿಕೊಟ್ಟಿದ್ದೆ" ಅಂದರು. ಸೋಮವಾರ ಮೊದಲ ಪೀರಿಯಡ್ ಅವರೇ ಅವನ ಪಕ್ಕ ಕೂರುತ್ತಾರೆ. ಕಡ್ಡಿ ಕಟ್ಟುಗಳನ್ನು ಬೀರುವಿನಿಂದ ತೆಗೆದು ಮೇಜಿನ ಮೇಲೆ ಇಟ್ಟು ಬಂದಿದ್ದೇನೆ.