ಮುಖ ಪಕ್ಕಕ್ಕೆ, ಕಣ್ಣು ಎದುರಿಗೆ: ಯಾಕೆ ಹೀಗೆ ಬರೆದೆ?

ನಮ್ಮ ಮನೆಯ ಹಾಲ್‌ನಲ್ಲಿ ಒಂದು ಇಡೀ ಗೋಡೆಗೆ ಹಳೆಯ ಈಜಿಪ್ಟಿನ ಬೇಟೆಯ ಚಿತ್ರ ಬರೆದಿದ್ದೇನೆ. ನೋಡಿದವರೆಲ್ಲ ಕೇಳುವುದು ಒಂದೇ: "ಮುಖ ಪಕ್ಕಕ್ಕೆ ತಿರುಗಿದೆ, ಕಣ್ಣು ನೋಡಿದರೆ ಎದುರಿಗಿದೆ. ಅದನ್ನು ಸರಿ ಮಾಡಿ ಬರೆಯಬಹುದಿತ್ತು ಅಲ್ವಾ?"

ಸರಿ ಮಾಡಲೇಬಾರದು. ಹಾಗೆ ಮಾಡಿದರೆ ಅದು ಈಜಿಪ್ಟಿನ ಚಿತ್ರವಾಗಿ ಉಳಿಯುವುದಿಲ್ಲ.

ನಾನು ಮಾದರಿಯಾಗಿ ಇಟ್ಟುಕೊಂಡದ್ದು ನೆಬಾಮುನ್ ಎಂಬ ಅಧಿಕಾರಿಯ ಸಮಾಧಿಯ ಚಿತ್ರ. ಕ್ರಿ.ಪೂ. 1350ರ ಸುಮಾರಿಗೆ ಥೀಬ್ಸ್‌ನಲ್ಲಿ, ಅಂದರೆ ಈಗಿನ ಲಕ್ಸರ್ ಊರಿನ ಬಳಿ, ಬರೆದದ್ದು. ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಜೊಂಡಿನ ನಡುವೆ ದೋಣಿಯಲ್ಲಿ ನಿಂತ ನೆಬಾಮುನ್, ಹಿಂದೆ ಹೆಂಡತಿ, ಕಾಲ ಬಳಿ ಮಗಳು. ಪಕ್ಕದಲ್ಲಿ ಹಕ್ಕಿಗಳ ಮೇಲೆ ಎರಗಿದ ಬೆಕ್ಕು. ಆ ಬೆಕ್ಕಿನ ಕಣ್ಣಿಗೆ ಚಿನ್ನದ ರೇಕು ಹಚ್ಚಿದ್ದಾರೆ!

ಇದು ಬರೀ ಅಲಂಕಾರಕ್ಕೆ ಬರೆದದ್ದಲ್ಲ. ಸತ್ತವನು ಮುಂದೆಯೂ ಸುಖವಾಗಿ ಬಾಳಲಿ ಎಂದು ಬರೆದದ್ದು. ಹಾಗಾಗಿ ದೇಹದ ಒಂದೊಂದು ಭಾಗವೂ ಸ್ಪಷ್ಟವಾಗಿ ಕಾಣಬೇಕು. ಮೂಗು, ಗಲ್ಲ ಪಕ್ಕದಿಂದ ಚೆನ್ನಾಗಿ ಗೊತ್ತಾಗುತ್ತವೆ. ಕಣ್ಣು, ಭುಜ ಎದುರಿನಿಂದ. ಕಾಲು ಮತ್ತೆ ಪಕ್ಕದಿಂದ. ಇದೇ ಸಮಾಧಿಯ ಇನ್ನೊಂದು ತುಣುಕಿನಲ್ಲಿ ತೋಟದ ಕೊಳವಿದೆ. ಕೊಳ ಮೇಲಿನಿಂದ ನೋಡಿದ ಹಾಗೆ, ಮೀನು, ಬಾತುಕೋಳಿಗಳು ಪಕ್ಕದಿಂದ ನೋಡಿದ ಹಾಗೆ. ಆ ಕಲಾವಿದರಿಗೆ ಕೈ ಬರುತ್ತಿರಲಿಲ್ಲ ಅನ್ನುವವರು ಆ ಬೆಕ್ಕಿನ ರೋಮವನ್ನೊಮ್ಮೆ ಹತ್ತಿರದಿಂದ ನೋಡಬೇಕು.

ಇನ್ನೊಂದು ಮಾತು. ಈ ಕಟ್ಟುಪಾಡು ಇದ್ದದ್ದರಿಂದಲೇ ನನ್ನಂಥವರಿಗೂ ಬರೆಯಲು ಸಾಧ್ಯವಾಗುತ್ತದೆ. ಅವರು ಗೋಡೆಗೆ ಮೊದಲು ಚೌಕಗಳ ಗೆರೆ ಹಾಕಿಕೊಂಡು, ಆ ಲೆಕ್ಕದಲ್ಲಿ ಆಳನ್ನು ಬರೆಯುತ್ತಿದ್ದರು. ನಿಂತ ಮನುಷ್ಯನಿಗೆ ಅಂಗಾಲಿನಿಂದ ಹಣೆಯ ಕೂದಲಂಚಿನವರೆಗೆ 18 ಚೌಕ, ಕುಳಿತವನಿಗೆ 14. ದಾರವನ್ನು ಕೆಂಪು ಬಣ್ಣದಲ್ಲಿ ಅದ್ದಿ, ಗೋಡೆಗೆ ಬಿಗಿಯಾಗಿ ಹಿಡಿದು ಮಿಡಿದರೆ ಗೆರೆ ಮೂಡುತ್ತದೆ. ನಮ್ಮ ಬಡಗಿಗಳು, ಗಾರೆಯವರು ಇವತ್ತಿಗೂ ಹೀಗೇ ಗೆರೆ ಹೊಡೆಯುತ್ತಾರೆ. ರಾಜ ಹೋರೆಮ್‌ಹೆಬ್‌ನ ಸಮಾಧಿಯಲ್ಲಿ ಕೆಲಸ ಅರ್ಧಕ್ಕೇ ನಿಂತಿದೆ. ಹಾಗಾಗಿ ಅಲ್ಲಿ ಕೆಂಪು ಕರಡು ಗೆರೆಗಳೂ ಅವನ್ನು ತಿದ್ದಿದ ಕಪ್ಪು ಗೆರೆಗಳೂ ಇನ್ನೂ ಕಾಣುತ್ತವೆ.

ಮನೆಯಲ್ಲಿ ಮಾಡುವುದಾದರೆ 5 ಸೆಂ.ಮೀ. ಚೌಕ ಹಾಕಿ. ನಿಂತ ಆಳು ಕೂದಲಂಚಿನವರೆಗೆ 90 ಸೆಂ.ಮೀ. ಎತ್ತರ ಬರುತ್ತಾನೆ. ಅವರು ಬರೆಯುತ್ತಿದ್ದದ್ದು ಒಣಗಿದ ಗಾರೆಯ ಮೇಲೆ, ಬಣ್ಣಕ್ಕೆ ಅಂಟು ಬೆರೆಸಿ. ನಮಗೆ ಅಕ್ರಿಲಿಕ್ ಸಾಕು. ಬಣ್ಣ ಜಾಸ್ತಿ ಬೇಡ: ಕೆಮ್ಮಣ್ಣಿನ ಕೆಂಪು, ಹಳದಿ, ಕಪ್ಪು, ಬಿಳಿ, ಹಸಿರು, ನೀಲಿ. ಗಂಡಸರ ಮೈಗೆ ಕೆಂಪುಕಂದು, ಹೆಂಗಸರಿಗೆ ತಿಳಿ ಹಳದಿ. ನೀಲಿಯನ್ನು ಮಾತ್ರ ಯೋಚಿಸಿ ಆರಿಸಿ. ಅವರು ಮರಳು, ಸುಣ್ಣ, ತಾಮ್ರ ಸೇರಿಸಿ ಕುಲುಮೆಯಲ್ಲಿ ಕಾಯಿಸಿ ಆ ನೀಲಿ ಮಾಡುತ್ತಿದ್ದರು. ಅಂಗಡಿಯ ಕಡುನೀಲಿ ಅದರ ಹತ್ತಿರಕ್ಕೂ ಬರುವುದಿಲ್ಲ. ಸ್ವಲ್ಪ ಬಿಳಿ, ಒಂದು ಹನಿ ಹಸಿರು ಬೆರೆಸಿದರೆ ಪರವಾಗಿಲ್ಲ.

ಚಿತ್ರಲಿಪಿಯನ್ನು ಸುಮ್ನೆ ಜಾಗ ತುಂಬಲು ಬಳಸಬೇಡಿ. ಅದು ಓದುವ ಬರಹ. ಆ ಲಿಪಿಯಲ್ಲಿನ ಹಕ್ಕಿಗಳ ಮುಖ ಯಾವ ಕಡೆಗಿದೆಯೋ ಆ ಕಡೆಯಿಂದಲೇ ಓದು ಶುರುವಾಗುತ್ತದೆ. ಒಂದು ಹೆಸರನ್ನಷ್ಟೇ ಸರಿಯಾಗಿ ಬರೆಯಿರಿ, ಉಳಿದ ಗೋಡೆ ಖಾಲಿ ಇರಲಿ.