ಧರಾನಿನ ಎರಡು ಕುಲುಮೆಗಳು

ಕಾಠ್ಮಂಡುವಿನ ಥಮೇಲ್‌ನಲ್ಲಿ ಖುಕುರಿ, ಅಂದರೆ ನೇಪಾಳಿಗಳ ಬಾಗಿದ ಕತ್ತಿ, ಕೊಳ್ಳಲು ಹೊರಟರೆ ತಲೆ ಕೆಡುತ್ತದೆ. ಎಲ್ಲವೂ ಚೆನ್ನಾಗಿಯೇ ಕಾಣುತ್ತವೆ. ಗಾಜಿನ ಹಿಂದೆ ಫಳಫಳ ಹೊಳೆಯುವ ಅಲಗುಗಳು, ಕೋಣದ ಕೊಂಬಿನ ಹಿಡಿ, ಕರಿ ಚರ್ಮದ ಒರೆ. ಎಲ್ಲವೂ ಕೈಯಲ್ಲೇ ಬಡಿದದ್ದು ಸಾರ್ ಅಂತಾರೆ. ಸರಿ, ಯಾರ ಕೈ? ಅದನ್ನು ಕೇಳಿದರೆ ಧರಾನ್, ಭೋಜಪುರ ಅಂತ ಪೂರ್ವ ನೇಪಾಳದ ಊರಿನ ಹೆಸರು ಬರುತ್ತದೆ. ಆಳಿನ ಹೆಸರು ಬರುವುದಿಲ್ಲ.

ಧರಾನ್‌ನಲ್ಲಿ ನನಗೊಬ್ಬ ಗೆಳೆಯ ಇದ್ದಾನೆ. ಬೆಂಗಳೂರಿನಲ್ಲಿ ನನ್ನ ಜೊತೆ ಕೆಲಸ ಮಾಡಿದವನು, ಈಗ ಊರು ಸೇರಿದ್ದಾನೆ. "ಅಂಗಡಿಯಲ್ಲಿ ಏನು ನೋಡ್ತೀರಾ ದಾಯ್, ಇಲ್ಲಿಗೆ ಬನ್ನಿ" ಅಂದ. ವಿರಾಟನಗರದವರೆಗೆ ವಿಮಾನ, ಅಲ್ಲಿಂದ ಇಟಹರಿ ಮೇಲೆ ಬಸ್ಸು. ಬಯಲು ಮುಗಿದು ಬೆಟ್ಟ ಶುರುವಾಗುವ ಬುಡದಲ್ಲೇ ಧರಾನ್ ಇದೆ. ಇಲ್ಲಿ ಹಿಂದೆ ಬ್ರಿಟಿಷ್ ಗೂರ್ಖಾ ಸೇನೆಯ ಕ್ಯಾಂಪ್ ಇತ್ತು. ಆ ಜಾಗದಲ್ಲಿ 1993ರಲ್ಲಿ ಬಿ.ಪಿ. ಕೊಯಿರಾಲಾ ವೈದ್ಯಕೀಯ ಸಂಸ್ಥೆ ಶುರುವಾಯಿತು. ಕ್ಯಾಂಪ್ ಹೋಯಿತು, ಕುಲುಮೆಗಳು ಉಳಿದವು.

ಬೆಳಿಗ್ಗೆ ಮೊದಲು ಕರೆದುಕೊಂಡು ಹೋದದ್ದು ವಯಸ್ಸಾದ ಒಬ್ಬ ಕಮ್ಮಾರರ ಕುಲುಮೆಗೆ. ಗೆಳೆಯ ಅವರನ್ನು ಕಾಕಾ ಅಂತ ಕರೆಯುತ್ತಿದ್ದ, ನಾನೂ ಹಾಗೇ ಕರೆದೆ. ತಗಡಿನ ಮಾಡು, ಮೂಲೆಯಲ್ಲಿ ಲಾರಿಯ ಹಳೇ ಕಮಾನು ಪಟ್ಟಿಗಳ ರಾಶಿ. ಖುಕುರಿಯ ಉಕ್ಕು ಬರುವುದು ಇದರಿಂದಲೇ. ನಮ್ಮ ಮಲೆನಾಡಿನ ಕತ್ತಿಗೂ ಇದೇ ಪಟ್ಟಿ ಅಲ್ವಾ! ಅಡಿಗಲ್ಲು ಅಂದರೆ ನೆಲದಲ್ಲಿ ಹೂತ ಒಂದು ದೊಡ್ಡ ಸುತ್ತಿಗೆಯ ತಲೆ, ಅಷ್ಟೇ. ಕಾಕಾ ಇಕ್ಕಳದಲ್ಲಿ ಪಟ್ಟಿ ಹಿಡಿದು ಸಣ್ಣ ಸುತ್ತಿಗೆಯಿಂದ ಜಾಗ ತೋರಿಸುತ್ತಾರೆ. ಎದುರಿಗೆ ನಿಂತ ಇಬ್ಬರು ಹುಡುಗರು ಸರದಿಯ ಮೇಲೆ ಅಲ್ಲಿಗೇ ದೊಡ್ಡ ಸುತ್ತಿಗೆ ಬೀಸುತ್ತಾರೆ. ಮಾತೇ ಇಲ್ಲ.

ಆದರೆ ನಾನು ನೋಡಬೇಕೆಂದು ಹೋದದ್ದು ನೀರು ಹಾಕುವುದನ್ನು. ಅಲಗಿನ ಆಕಾರ ಬಂದ ಮೇಲೆ ಅದನ್ನು ಇದ್ದಿಲ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದರು. ಹೊರಗೆ ತೆಗೆದು ಅಲಗಿನ ಬಾಯಿ, ಅಂದರೆ ಹರಿತದ ಅಂಚು, ಮೇಲೆ ಬರುವ ಹಾಗೆ ಹಿಡಿದರು. ಪಕ್ಕದಲ್ಲಿ ಮೂತಿ ಇರುವ ಚಹಾ ಕೆಟಲು. ಅದರಿಂದ ಸಣ್ಣ ಧಾರೆಯಾಗಿ ನೀರು ಬಿಟ್ಟರು, ಬಾಯಿಯ ಮೇಲೆ ಮಾತ್ರ. ಅಲಗಿನ ಅಗಲವಾದ ಹೊಟ್ಟೆಯ ಹತ್ತಿರ ಶುರು, ಬುಡದ ಕಡೆ ಸ್ವಲ್ಪ, ಮತ್ತೆ ಹೊಟ್ಟೆ, ಆಮೇಲೆ ತುದಿ. ಚುಯ್ ಅಂತ ಆವಿ ಎದ್ದು ಬಾಯಿ ಕಪ್ಪಾಯಿತು. ಬೆನ್ನು ಇನ್ನೂ ಕೆಂಪಗೇ ಇತ್ತು. ನೀರು ನಿಲ್ಲಿಸಿ ಸುಮ್ನೆ ನೋಡುತ್ತಾ ಕೂತರು. ಬೆನ್ನಿನ ಬಿಸಿ ನಿಧಾನವಾಗಿ ಬಾಯಿಗೆ ಇಳಿಯುತ್ತದೆ, ಅಂಚಿನ ಬಣ್ಣ ಒಣಹುಲ್ಲಿನ ಹಳದಿಗೆ ತಿರುಗುತ್ತದೆ. ಆಗ ಮತ್ತೊಂದು ಸುತ್ತು ನೀರು. ಬಾಯಿ ಗಟ್ಟಿ, ಬೆನ್ನು ಮೆತ್ತಗೆ. ಪೂರ್ತಿ ಅಲಗನ್ನು ಒಮ್ಮೆಗೇ ನೀರಿಗೆ ಅದ್ದಿದರೆ ಬೆನ್ನೂ ಪೆಡಸಾಗಿ ಜೋರು ಏಟಿಗೆ ಮುರಿಯಬಹುದು. ಖುಕುರಿ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಮುಕ್ಕಾಲು ಭಾಗ ಈ ಕೆಲವು ನಿಮಿಷಗಳಲ್ಲೇ ತೀರ್ಮಾನ ಆಗಿಬಿಡುತ್ತದೆ. ಅಂಗಡಿಯ ಗಾಜಿನಲ್ಲಿ ಇದು ಕಾಣುವುದೇ ಇಲ್ಲ.

ಎರಡನೆಯ ಕುಲುಮೆ ಮಧ್ಯವಯಸ್ಕನೊಬ್ಬನದು. ಕರೆಂಟಿನ ಊದುಗ, ಸಾಣೆಗೆ ಮೋಟಾರು, ಗೋಡೆ ತುಂಬ ಅಚ್ಚುಗಳು. ಇವನ ಸಿರುಪಾತೆ ಅನ್ನುವ ಮಾದರಿಯ ಖುಕುರಿ ನೋಡಿದರೆ ಕೆಳಗಿಡಲು ಮನಸ್ಸು ಬರುವುದಿಲ್ಲ. ಹುಲ್ಲಿನ ಎಸಳಿನಂತೆ ತೆಳ್ಳಗಿನ ಅಲಗು. ಮೂರು ಗೀರಿನ ತೀನ್ ಚಿರಾ ಅಂತೂ ಗೆರೆ ಎಳೆದಷ್ಟು ನೇರ. ಹಿಡಿಗೂ ಹಿತ್ತಾಳೆ ಕಟ್ಟಿಗೂ ನಡುವೆ ಉಗುರು ತೂರುವಷ್ಟೂ ಸಂದಿಲ್ಲ. ಕಾಕಾನ ಖುಕುರಿಯಲ್ಲಿ ಆ ಜಾಗದಲ್ಲಿ ಅರಗು ಸ್ವಲ್ಪ ಉಕ್ಕಿ ಹಾಗೇ ಗಟ್ಟಿಯಾಗಿತ್ತು.

ಒರೆಯ ಹಿಂದೆ ಎರಡು ಸಣ್ಣ ಸಲಕರಣೆ ಇರುತ್ತವಲ್ಲ, ಅದರಲ್ಲಿ ಕರ್ದಾ ಚೂರಿ, ಚಕ್ಮಕ್ ಮೊಂಡು. ಚಕ್ಮಕ್ ಬಾಯಿ ಸರಿಮಾಡಲು. ಅದನ್ನೇ ತೆಗೆದುಕೊಂಡು ಎರಡೂ ಅಲಗಿನ ಮೇಲೆ ಬುಡದಿಂದ ತುದಿಯವರೆಗೆ ಎಳೆದು ನೋಡಿದೆ. ಕಾಕಾನದು ಉದ್ದಕ್ಕೂ ಜಾರುತ್ತಿತ್ತು. ಇವನದು ಹೊಟ್ಟೆಯ ಭಾಗದಲ್ಲಿ ಜಾರಿ, ತುದಿಗೆ ಬರುವಾಗ ಸ್ವಲ್ಪ ಕಚ್ಚಿತು. ಅಂದರೆ ಅಲ್ಲಿ ಉಕ್ಕು ಮೆತ್ತಗಿದೆ. "ಕಡಿಯೋದು ಹೊಟ್ಟೆಯಲ್ಲಿ, ತುದಿಗೆ ಯಾಕೆ ಗಟ್ಟಿ?" ಅಂತ ಗೆಳೆಯ ವಾದಕ್ಕಿಳಿದ. ಅವನ ಮಾತಿನಲ್ಲೂ ಹುರುಳಿದೆ. ತುದಿ ಮೆತ್ತಗಿದ್ದರೆ ಬಾಗಬಹುದು, ಮುರಿಯುವುದಿಲ್ಲ. ಆದರೂ ನನಗೆ ಕಾಕಾನ ನೀರೇ ಮೇಲು ಅನ್ನಿಸಿತು. ಈಗಲೂ ಹಾಗೇ ಅನ್ನುತ್ತೇನೆ.

ಗೋಡೆಯ ಅಚ್ಚುಗಳ ಬಗ್ಗೆ ಕೇಳಿದೆ. ಒಂದೊಂದು ಒಂದೊಂದು ಅಂಗಡಿಯದಂತೆ. ಯಾರು ಆರ್ಡರ್ ಕೊಡುತ್ತಾರೋ ಅವರ ಮುದ್ರೆ ಹೊಡೆದು ಕಳಿಸುವುದು. ಅಲಗು ಒಂದೇ, ಕೈ ಒಂದೇ, ಹೆಸರು ಮಾತ್ರ ನಾಲ್ಕು. ಆ ಅಂಗಡಿ ಮೇಲೋ ಈ ಅಂಗಡಿ ಮೇಲೋ ಅಂತ ನಾವು ಗಂಟೆಗಟ್ಟಲೆ ವಾದ ಮಾಡುತ್ತೇವಲ್ಲ, ಕೆಲವು ಸಲ ಎರಡೂ ಕಡೆ ಇವನ ಖುಕುರಿಯೇ ಇರಬಹುದು! ಇಬ್ಬರ ಕುಲುಮೆಯಲ್ಲೂ ತಮ್ಮ ಹೆಸರಿನ ಅಚ್ಚು ನನಗೆ ಕಾಣಲಿಲ್ಲ.

ಮಧ್ಯಾಹ್ನ ಊಟಕ್ಕೆ ಗೆಳೆಯನ ಮನೆ. ಅವನ ತಾಯಿ, ಆಮಾ, ಒಳಗಿನಿಂದ ಒಂದು ಹಳೇ ಖುಕುರಿ ತಂದು ಮುಂದೆ ಇಟ್ಟರು. ಅವರ ಮಾವನ ಕಾಲದ್ದು, ಭೋಜಪುರದ ಕೆಲಸ. ಅಗಲ ಹೊಟ್ಟೆ, ತೇದು ತೇದು ಬಾಯಿ ಒಳಸರಿದಿದೆ. ನೇಪಾಳದ ದಸರೆಯಾದ ದಶೈನ್‌ನಲ್ಲಿ ಕುಂಕುಮ ಅಕ್ಕಿ ಇಟ್ಟು ಪೂಜೆ ಮಾಡುವುದು ಇದಕ್ಕೇ. ಮಿಕ್ಕ ದಿನ ಸೌದೆ, ಮಾಂಸ, ಬಿದಿರು ಎಲ್ಲಕ್ಕೂ ಇದೇ. ಬೆಳಿಗ್ಗೆಯಿಂದ ನೋಡಿದ್ದಕ್ಕಿಂತ ಇದು ಕೈಗೆ ಹಗುರ. ಬೆನ್ನು ದಪ್ಪ ಇದ್ದರೂ ತುದಿಗೆ ಹೋಗುತ್ತಾ ಹೋಗುತ್ತಾ ಸಣ್ಣಗಾಗುತ್ತದೆ, ಹಾಗಾಗಿ ಭಾರ ಮುಂದಕ್ಕೆ ಎಳೆಯುವುದಿಲ್ಲ. ಈಗ ಪ್ರವಾಸಿಗಳಿಗೆಂದು ಮಾಡುವ ಎಷ್ಟೋ ಖುಕುರಿಗಳು ಸುಮ್ಮನೆ ದಪ್ಪ. ಭಾರ ಇದ್ದರೆ ಗಟ್ಟಿ ಅಂತ ನಾವೇ ತಿಳಿದುಕೊಂಡಿದ್ದೇವೆ, ಅವರು ಮಾಡಿ ಕೊಡುತ್ತಾರೆ.

ಇದನ್ನು ಮಾಡಿದವರು ಯಾರು ಅಂತ ಆಮಾಗೆ ಕೇಳಿದೆ. "ಯಾರೋ ಕಾಮಿ" ಅಂದರು. ಖುಕುರಿ ಬಡಿಯುವವರು ಕಾಮಿ ಜಾತಿಯವರು, ವಿಶ್ವಕರ್ಮ ಅಂತಲೂ ಬರೆದುಕೊಳ್ಳುತ್ತಾರೆ. ನೇಪಾಳದ ಕಾನೂನು ಜಾತಿಯ ಅಸ್ಪೃಶ್ಯತೆಯನ್ನು ತೆಗೆದುಹಾಕಿದ್ದು 1963ರಲ್ಲಿ. ಅದಕ್ಕೂ ಮೊದಲು ಖುಕುರಿ ತಂದವರು ಅಂಗಳದಲ್ಲೇ ಇಟ್ಟು ಹೋಗುತ್ತಿದ್ದರಂತೆ. ಇದನ್ನು ಹೇಳುವಾಗ ಗೆಳೆಯ ತಟ್ಟೆಯಿಂದ ತಲೆ ಎತ್ತಲಿಲ್ಲ. ಖುಕುರಿಗೆ ಕುಂಕುಮ, ಅದನ್ನು ಬಡಿದವನಿಗೆ ಅಂಗಳ. ನಮ್ಮಲ್ಲೇನು ಕಡಿಮೆ ಇತ್ತೇ?

ಸಂಜೆ ಮತ್ತೆ ಕಾಕಾನ ಹತ್ತಿರ ಹೋದೆ. ಹತ್ತು ಇಂಚಿನ ಅಲಗು, ಸಿಸೌ ಮರದ ಹಿಡಿ. ಉಕ್ಕಿದ ಅರಗನ್ನು ಕೆರೆದು ಕೊಡಿ ಅಂದಾಗ ನಕ್ಕು ಕೆರೆದರು. ಎರಡನೆಯವನ ಹತ್ತಿರ ಒಂದು ಚಿಕ್ಕ ಸಿರುಪಾತೆಯನ್ನೂ ತೆಗೆದುಕೊಂಡೆ, ಕಣ್ಣಿನ ಆಸೆಗೆ. ಎರಡನ್ನೂ ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಬ್ಯಾಗಿಗೆ ಹಾಕಿದೆ. ಈಗ ಮನೆಯಲ್ಲಿ ತೆಂಗಿನಕಾಯಿ ಸುಲಿಯುವುದು, ಒಣ ಕೊಂಬೆ ಸವರುವುದು ಎಲ್ಲ ಕಾಕಾನದರಲ್ಲೇ. ಸಿರುಪಾತೆ ಷೋಕೇಸಿನಲ್ಲಿದೆ. ಬಂದವರೆಲ್ಲ ಮೊದಲು ಅದನ್ನೇ ಕೈಗೆತ್ತಿಕೊಳ್ಳುತ್ತಾರೆ.