ಹಸಿರು ಸಿಪ್ಪೆಯ ಕಿತ್ತಳೆ

12 ಜನವರಿ 2025, ಭಾನುವಾರ
ಮೈಸೂರು

ಬೆಳಿಗ್ಗೆ ದೇವರಾಜ ಮಾರುಕಟ್ಟೆಗೆ ಹೋಗಿದ್ದೆ. ಹಣ್ಣಿನ ಸಾಲಿನಲ್ಲಿ ಎಲ್ಲಿ ನೋಡಿದರೂ ಪಂಜಾಬಿನ ಕಿನ್ನೋ ಕಿತ್ತಳೆ. ಕೇಸರಿ ಬಣ್ಣ, ಥಳಥಳ ಹೊಳಪು. ನನಗೆ ಬೇಕಾಗಿದ್ದು ಕೊನೆಯ ಅಂಗಡಿಯ ಬುಟ್ಟಿಯಲ್ಲಿ ಸಿಕ್ಕಿತು. ಕೊಡಗಿನ ಕಿತ್ತಳೆ! ಅರ್ಧ ಹಸಿರು, ಅರ್ಧ ಹಳದಿ.

ಪಕ್ಕದಲ್ಲಿದ್ದವರು ಒಂದು ಹಣ್ಣು ಎತ್ತಿಕೊಂಡು, "ಕಾಯಿ ಕಣಪ್ಪ ಇದು" ಎಂದು ವಾಪಸ್ ಇಟ್ಟರು. ನನಗೆ ತಡೆಯಲಾಗಲಿಲ್ಲ. "ಇಲ್ಲ ಅಕ್ಕ, ಹಣ್ಣೇ. ಅದರ ಬಣ್ಣವೇ ಹಾಗೆ" ಎಂದೆ. ಸಿಪ್ಪೆ ಪೂರ್ತಿ ಕೇಸರಿಯಾಗಬೇಕಾದರೆ ರಾತ್ರಿ ಚಳಿ ಚೆನ್ನಾಗಿ ಬೀಳಬೇಕು. ಪಂಜಾಬಿನ ಚಳಿ ನಮ್ಮ ಕಡೆ ಎಲ್ಲಿ ಬರಬೇಕು? ಒಳಗೆ ರಸ ತುಂಬಿ ಸಿಹಿಯಾದರೂ ಹೊರಗೆ ಹಸಿರು ಉಳಿದುಬಿಡುತ್ತದೆ. ಮಾವಿನಕಾಯಿಯ ಹಾಗೆ ಇದನ್ನು ಕಿತ್ತು ತಂದು ಹಣ್ಣು ಮಾಡಲು ಆಗುವುದಿಲ್ಲ, ಮರದಲ್ಲೇ ಹಣ್ಣಾಗಬೇಕು. ಅಂಗಡಿಯವರು ಒಂದನ್ನು ಸುಲಿದು ಕೊಟ್ಟರು. ತಿಂದು ನೋಡಿ ಆ ಅಕ್ಕ 1 ಕೆಜಿ ತೂಗಿಸಿಕೊಂಡರು. ಖುಷಿಯಾಯಿತು.

ಮನೆಗೆ ಬಂದು ನಾನೂ ಸುಲಿದೆ. ನಾಗಪುರದ ಹಣ್ಣಿನ ಸಿಪ್ಪೆ ಸಡಿಲ, ಸುಮ್ನೆ ಎಳೆದರೆ ಬಿಚ್ಚಿಕೊಳ್ಳುತ್ತದೆ. ಇದರದ್ದು ದಪ್ಪ, ಬಿಗಿ. ಉಗುರು ಊರಿದ ಕೂಡಲೇ ಸಿಪ್ಪೆಯ ಎಣ್ಣೆ ಚಿಮ್ಮಿ ಬೆರಳೆಲ್ಲ ಘಮಘಮ. ತೊಳೆ ಬಾಯಿಗಿಟ್ಟರೆ ಸಿಹಿ, ಅದರ ಬೆನ್ನಿಗೇ ಹುಳಿ. ಆ ಹುಳಿ ಇಲ್ಲದ ಕಿತ್ತಳೆ ನನಗೆ ಸೇರುವುದೇ ಇಲ್ಲ.

ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಇದರ ಕಾಲ. ಮಳೆಗಾಲದಲ್ಲೂ ಒಂದು ಬೆಳೆ ಬರುತ್ತದೆ, ಆದರೆ ಈ ರುಚಿ ಅದಕ್ಕಿಲ್ಲ.

ಮಧ್ಯಾಹ್ನ ಕೊಡಗಿನ ಸುಂಟಿಕೊಪ್ಪದಲ್ಲಿರುವ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ನಾನು ಚಿಕ್ಕವಳಿದ್ದಾಗ ಅವರ ಕಾಫಿ ತೋಟದ ನಡುವೆ 60 ಕಿತ್ತಳೆ ಮರಗಳಿದ್ದವು. ಈಗ 9 ಉಳಿದಿವೆಯಂತೆ. ಗ್ರೀನಿಂಗ್ ರೋಗ. ಒಂದು ಸಣ್ಣ ಕೀಟ ಇದನ್ನು ಮರದಿಂದ ಮರಕ್ಕೆ ಹರಡುತ್ತದೆ. ಎಲೆ ಅಲ್ಲಲ್ಲಿ ಹಳದಿಯಾಗುತ್ತದೆ, ಹಣ್ಣು ಸಣ್ಣದಾಗಿ ಸೊಟ್ಟಗಾಗುತ್ತದೆ, ಮರ ನಿಧಾನಕ್ಕೆ ಒಣಗುತ್ತದೆ. ಒಮ್ಮೆ ತಗುಲಿದರೆ ಗುಣವಾಗುವ ಮದ್ದಿಲ್ಲ. ಕೊಡಗಿನ ಕಿತ್ತಳೆಗೆ, ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ, ಹೆಸರು ಉಳಿಯಿತು. ಮರ ಉಳಿಯಬೇಕಲ್ವಾ? ಕೇಳುತ್ತಾ ಹೊಟ್ಟೆ ಉರಿಯಿತು.

ಆದರೂ ಚಿಕ್ಕಮ್ಮ ಸತ್ತ ಮರಗಳ ಜಾಗದಲ್ಲಿ 20 ಹೊಸ ಸಸಿ ನೆಟ್ಟಿದ್ದಾರಂತೆ, ನರ್ಸರಿಯಲ್ಲಿ ಕಸಿ ಮಾಡಿದ್ದು. "ಫಲ ಬಿಡೋಕೆ ನಾಲ್ಕೈದು ವರ್ಷ ಬೇಕು ಮಗಳೇ. ನೀನು ಸಿಪ್ಪೆ ಮಾತ್ರ ಬಿಸಾಡಬೇಡ" ಎಂದರು.

ಬಿಸಾಡಿಲ್ಲ. ಸಣ್ಣಗೆ ಹೆಚ್ಚಿ ಇಟ್ಟಿದ್ದೇನೆ. ನಾಳೆ ಹುಣಸೆಹಣ್ಣು, ಬೆಲ್ಲ ಹಾಕಿ ಗೊಜ್ಜು.